ನೇತ್ರಾಣಿಯಿಂದ ರಾಜಾ ಅಂಪಾತ್‌ವರೆಗೆ: ಸ್ನಾರ್ಕೆಲಿಂಗ್, ಸ್ಕೂಬಾ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಸ್ಕೂಬಾ ಡೈವ್ ನಾಲ್ಕೇ ನಿಮಿಷಕ್ಕೆ ಮುಗಿದುಹೋಯಿತು. ಜಾಗ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ. ರಾತ್ರಿ ಬಸ್ಸಿನ ಎಸಿಗೆ ಮೂಗು ಕಟ್ಟಿತ್ತು. ನೆಗಡಿ ತಾನೆ, ಉಪ್ಪುನೀರು ತಾಗಿದರೆ ತಾನಾಗೇ ಬಿಡುತ್ತೆ ಅಂದುಕೊಂಡೆ. ಲಂಗರಿನ ಹಗ್ಗ ಹಿಡಿದು ಮೂರು ಮೀಟರ್ ಇಳಿದಿದ್ದೆ ಅಷ್ಟೆ, ಕಿವಿಯೊಳಗೆ ಪೆನ್ಸಿಲ್ ತುರುಕಿದ ಹಾಗಾಯಿತು. ಇನ್‌ಸ್ಟ್ರಕ್ಟರ್ ನನ್ನನ್ನು ಮೇಲಕ್ಕೆ ಕರೆದುಕೊಂಡು ಬಂದರು. ಉಳಿದವರು ಒಬ್ಬೊಬ್ಬರಾಗಿ ಬೋಟ್ ಹತ್ತಿ ಕಡಲಾಮೆ ನೋಡಿದ ಕಥೆ ಹೇಳುತ್ತಿದ್ದರು. ನಾನು ಕಿವಿ ಹಿಡಿದುಕೊಂಡು ಗ್ಲೂಕೋಸ್ ಬಿಸ್ಕತ್ ತಿನ್ನುತ್ತಾ ಕೂತಿದ್ದೆ.

ಆಮೇಲೆ ಅಂಡಮಾನ್, ಬಾಲಿ ಅಂತ ಒಂದಷ್ಟು ಕಡೆ ಮುಳುಗಿ ಎದ್ದಿದ್ದೇನೆ. "ಸಾಯುವ ಮುಂಚೆ ನೋಡಲೇಬೇಕಾದ ಡೈವ್ ತಾಣಗಳು" ಅನ್ನುವ ಪಟ್ಟಿಗಳು ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅವು ಜಾಗ ಹೇಳುತ್ತವೆ, ಆ ಜಾಗಕ್ಕೆ ನೀವು ಯಾವಾಗ ತಯಾರಾಗುತ್ತೀರಿ ಅನ್ನುವುದನ್ನು ಹೇಳುವುದಿಲ್ಲ. ಮೊದಲ ಸಲ ಮಾಸ್ಕ್ ಹಾಕುವವರಿಗೂ, ನೂರು ಡೈವ್ ಮಾಡಿದವರಿಗೂ ಒಂದೇ ಪಟ್ಟಿ. ಅದಕ್ಕೇ ಇಲ್ಲಿ ತಾಣಗಳು ಕೊನೆಗೆ ಬರುತ್ತವೆ.

ಹಂತ 1: ತೇಲಬೇಕಾ, ಮುಳುಗಬೇಕಾ?

ಸ್ನಾರ್ಕೆಲಿಂಗ್ ಅಂದರೆ ನೀರಿನ ಮೇಲೆ ಬೋರಲಾಗಿ ತೇಲುತ್ತಾ, ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುತ್ತಾ ಕೆಳಗೆ ನೋಡುವುದು. ಸ್ಕೂಬಾದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತೀರಿ. ಅಂದಹಾಗೆ ಆ ಸಿಲಿಂಡರ್‌ನಲ್ಲಿರುವುದು ಬರೀ ಆಮ್ಲಜನಕ ಅಲ್ಲ, ನಾವು ಈಗ ಉಸಿರಾಡುತ್ತಿರುವ ಮಾಮೂಲಿ ಗಾಳಿ. ಅದನ್ನೇ ಒತ್ತಿ ಒತ್ತಿ ತುಂಬಿರುತ್ತಾರೆ.

ಸ್ನಾರ್ಕೆಲಿಂಗ್ ಬಡವರ ಸ್ಕೂಬಾ ಅಂತ ಮೂಗು ಮುರಿಯಬೇಡಿ. ಮಾಲ್ಡೀವ್ಸ್‌ನ ಬಾ ಅಟಾಲ್‌ನಲ್ಲಿ (ಅಟಾಲ್ ಅಂದರೆ ಬಳೆಯಾಕಾರದ ಹವಳ ದ್ವೀಪಗಳ ಗುಂಪು) ಹನಿಫಾರು ಕೊಲ್ಲಿ ಅಂತ ಇದೆ. ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಬಂದು ತುಂಬಿಕೊಳ್ಳುತ್ತದೆ. ಅದನ್ನು ತಿನ್ನಲು ಮಾಂಟಾ ರೇ, ಅಂದರೆ ರೆಕ್ಕೆಯಂಥ ಮೈಯಿರುವ ದೈತ್ಯ ತೊರಕೆ ಮೀನುಗಳು, ಹಿಂಡು ಹಿಂಡಾಗಿ ಬರುತ್ತವೆ. ಅಲ್ಲಿ ಸ್ಕೂಬಾ ನಿಷೇಧ. ಗೈಡ್ ಜೊತೆ ತೇಲಿಕೊಂಡು ಮಾತ್ರ ನೋಡಬೇಕು. ಹವಳದ ಬಣ್ಣವೂ ಮೇಲಿನ ಐದು ಮೀಟರ್‌ನಲ್ಲೇ ಚೆನ್ನಾಗಿ ಕಾಣುವುದು. ಇನ್ನೂ ಕೆಳಗೆ ಹೋದರೆ ಕೆಂಪು ಮೊದಲು ಮಾಯವಾಗಿ ಎಲ್ಲವೂ ನೀಲಿ, ಬೂದಿ.

ಮನೆಯಲ್ಲಿ ಎಂಟು ವರ್ಷದ ಮಗು, ಅರವತ್ತೈದರ ಅಮ್ಮ ಎಲ್ಲ ಸೇರಿ ಹೊರಟಿದ್ದೀರಾ? ಸ್ನಾರ್ಕೆಲಿಂಗೇ ಸರಿ. ಸ್ಕೂಬಾಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಆಗಿರಬೇಕು.

ಹಂತ 2: ಮೊದಲು ಈಜುಕೊಳ

ಪರಿಚಯದ ಡೈವ್‌ಗೆ, ಅಂದರೆ ಕೋರ್ಸ್ ಇಲ್ಲದೆ ಇನ್‌ಸ್ಟ್ರಕ್ಟರ್ ಜೊತೆ ಇಳಿಯುವ ಡೈವ್‌ಗೆ, ಈಜು ಬರಲೇಬೇಕು ಅಂತಿಲ್ಲ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇರುತ್ತಾರೆ. ಆದರೂ ನನ್ನ ಸಲಹೆ, ಎರಡು ವಾರ ಹತ್ತಿರದ ಈಜುಕೊಳಕ್ಕೆ ಹೋಗಿ. ದೊಡ್ಡ ಈಜುಗಾರರಾಗಬೇಕಿಲ್ಲ. ನೀರಲ್ಲಿ ಮುಖ ಇಟ್ಟು ಗಾಬರಿಯಿಲ್ಲದೆ ಇರಲು ಬಂದರೆ ಸಾಕು.

ಒಂದು ಮಾಸ್ಕ್, ಒಂದು ಸ್ನಾರ್ಕೆಲ್ ಸ್ವಂತದ್ದು ಕೊಳ್ಳಿ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಮಾಸ್ಕ್ ನೋಡುವ ರೀತಿ ಹೀಗೆ: ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಲ್ಲಿ ಸ್ವಲ್ಪ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮ ಮಾಸ್ಕ್. ಮೀಸೆ ಇದ್ದವರಿಗೆ ಮೂಗಿನ ಕೆಳಗೆ ಸ್ವಲ್ಪ ನೀರು ಸೋರುತ್ತದೆ. ಅಂಚಿಗೆ ವ್ಯಾಸಲಿನ್ ಹಚ್ಚಿಕೊಂಡರೆ ಒಂದು ಮಟ್ಟಿಗೆ ನಿಲ್ಲುತ್ತದೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ಕೇಳಿ. ಇಡೀ ಮುಖ ಮುಚ್ಚುವ ಮಾಸ್ಕ್‌ಗಳನ್ನು ನಾನಂತೂ ಕೊಳ್ಳುವುದಿಲ್ಲ. ಮೂಗು ಹಿಡಿಯಲು ಆಗುವುದಿಲ್ಲ, ನೀರು ನುಗ್ಗಿದರೆ ಬಿಚ್ಚುವುದು ಕಷ್ಟ.

ಗಾಜು ಮಂಜಾಗುವುದಕ್ಕೆ ಹಳೇ ಮದ್ದು ಉಗುಳು. ಒಣ ಗಾಜಿನ ಒಳಗೆ ಉಗಿದು, ಬೆರಳಲ್ಲಿ ಉಜ್ಜಿ, ಒಮ್ಮೆ ನೀರಲ್ಲಿ ಅದ್ದಿ ಹಾಕಿಕೊಳ್ಳಿ. ಛೀ ಅನಿಸಿದರೆ ಒಂದು ಹನಿ ಬೇಬಿ ಶಾಂಪೂ.

ಕೊಳದಲ್ಲಿ ಮೂರು ಕೆಲಸ ಅಭ್ಯಾಸ ಮಾಡಿ. ಬಾಯಿಂದ ಮಾತ್ರ ನಿಧಾನವಾಗಿ ಉಸಿರಾಡುವುದು. ಸ್ನಾರ್ಕೆಲ್‌ಗೆ ನೀರು ಬಿಟ್ಟುಕೊಂಡು "ಫೂ" ಅಂತ ಜೋರಾಗಿ ಊದಿ ಹೊರಹಾಕುವುದು. ಮಾಸ್ಕ್‌ಗೆ ಅರ್ಧ ನೀರು ಬಿಟ್ಟು, ಮೇಲಿನ ಅಂಚು ಒತ್ತಿ ಹಿಡಿದು, ತಲೆ ಸ್ವಲ್ಪ ಎತ್ತಿ ಮೂಗಿನಿಂದ ಊದಿ ಖಾಲಿ ಮಾಡುವುದು. ಮೂರನೆಯದು ಮೊದಮೊದಲು ಹಿಂಸೆ. ಮೂಗಿಗೆ ನೀರು ಹೋಗಿ ಕೆಮ್ಮು ಬರುತ್ತದೆ. ಇಪ್ಪತ್ತು ಸಲ ಮಾಡಿದ ಮೇಲೆ ಬೇಜಾರು ಬರುತ್ತದೆ. ಬೇಜಾರು ಬಂತು ಅಂದರೆ ಕಲಿತಿರಿ ಅಂತ.

ಹಂತ 3: ಡೈವ್‌ಗೆ ಮುಂಚೆ ಕೊಡುವ ಆರೋಗ್ಯದ ಫಾರಂನಲ್ಲಿ ಸುಳ್ಳು ತುಂಬಬೇಡಿ

ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚಿನ ಆಪರೇಷನ್, ಕಿವಿಯ ಹಳೇ ಸಮಸ್ಯೆ ಇದ್ದರೆ ಊರಲ್ಲೇ ಡಾಕ್ಟರ ಹತ್ತಿರ ಹೋಗಿ ಫಿಟ್‌ನೆಸ್ ಪತ್ರ ಮಾಡಿಸಿಕೊಳ್ಳಿ. ಬೋಟ್ ಹೊರಡುವ ಹೊತ್ತಿಗೆ ಹೇಳಿದರೆ ಇಳಿಸುತ್ತಾರೆ, ದುಡ್ಡೂ ಹೋಗುತ್ತದೆ. ಗರ್ಭಿಣಿಯರು ಸ್ಕೂಬಾ ಮಾಡುವಂತಿಲ್ಲ. ನೆಗಡಿ ಇದ್ದರೆ ಯಾರೂ ಮಾಡುವಂತಿಲ್ಲ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯೋಣ ಅನ್ನುವ ಐಡಿಯಾ ಬೇಡ. ಕೆಳಗಿರುವಾಗ ಮಾತ್ರೆಯ ಶಕ್ತಿ ಇಳಿದರೆ, ಮೇಲೆ ಬರುವಾಗ ಒಳಗಿನ ಗಾಳಿ ಹೊರಬರಲು ದಾರಿ ಇರುವುದಿಲ್ಲ.

ಹಂತ 4: ಕಿವಿ ಮತ್ತು ಉಸಿರು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನೀರಿನ ಮೇಲೆ ನಮ್ಮ ಮೇಲಿರುವುದು ಒಂದು ವಾತಾವರಣದ ಒತ್ತಡ. ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ಸೇರಿಕೊಳ್ಳುತ್ತದೆ. 10 ಮೀಟರ್‌ನಲ್ಲಿ ಒತ್ತಡ ಎರಡರಷ್ಟು, ಹಾಗಾಗಿ ಗಾಳಿಯ ಗಾತ್ರ ಅರ್ಧ. ಗಮನಿಸಿ, ಬದಲಾವಣೆ ಜಾಸ್ತಿ ಇರುವುದು ಮೊದಲ 10 ಮೀಟರ್‌ನಲ್ಲೇ. ಹೊಸಬರು ಇರುವುದೂ ಅಲ್ಲೇ.

ಕಿವಿಯ ತಮಟೆ ಹಿಂದೆ ಒಂಚೂರು ಗಾಳಿ ಇದೆ. ಇಳಿಯುತ್ತಾ ಅದು ಕುಗ್ಗಿ ತಮಟೆಯನ್ನು ಒಳಕ್ಕೆ ಎಳೆಯುತ್ತದೆ. ಘಟ್ಟ ಇಳಿಯುವಾಗ ಕಿವಿ ಮುಚ್ಚಿದಂತಾಗುತ್ತದಲ್ಲ, ಅದೇ ಇದು, ಜೋರಾಗಿ. ಪರಿಹಾರ ಸುಲಭ: ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. "ಪಟ್" ಅನ್ನುತ್ತದೆ. ಪ್ರತಿ ಅರ್ಧ ಮೀಟರ್‌ಗೆ ಒಮ್ಮೆ, ನೋವು ಶುರುವಾಗುವ ಮುಂಚೆಯೇ ಮಾಡಬೇಕು. ನೋವು ಬಂದ ಮೇಲೆ ಊದಿದರೆ ಬಿಡುವುದಿಲ್ಲ. ಆಗ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಆಗಲಿಲ್ಲವೆಂದರೆ ಅವತ್ತಿನ ಡೈವ್ ಮುಗಿಯಿತು. ಜೋರಾಗಿ ಊದಿ ಸಾಧಿಸಲು ಹೋಗಬೇಡಿ.

ಇನ್ನು ಉಸಿರು. ಸ್ಕೂಬಾದಲ್ಲಿ ಮುರಿಯಲೇಬಾರದ ನಿಯಮ ಒಂದು: ಉಸಿರು ಹಿಡಿಯಬೇಡಿ. 10 ಮೀಟರ್‌ನಲ್ಲಿ ತುಂಬಾ ಉಸಿರೆಳೆದುಕೊಂಡು, ಬಾಯಿ ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗ ಇಲ್ಲ. ಈಜುಗಾರರಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ನೀರೊಳಗೆ ಉಸಿರು ಕಟ್ಟುವುದು ಅವರ ಅಭ್ಯಾಸ. ರೆಗ್ಯುಲೇಟರ್, ಅಂದರೆ ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ಬಾಯಲ್ಲಿಟ್ಟು ಮೊದಲ ಸಲ ನೀರೊಳಗೆ ಉಸಿರೆಳೆದಾಗ ತಲೆ "ಬೇಡ ಬೇಡ" ಅನ್ನುತ್ತದೆ. ಸೈಕಲ್ ಪಂಪ್ ಎಳೆದಂಥ ಸದ್ದು, ಆಮೇಲೆ ಗುಳುಗುಳು ಗುಳ್ಳೆ. ಹತ್ತು ಉಸಿರು ಎಣಿಸಿ. ಅಷ್ಟರಲ್ಲಿ ಎದೆ ಬಡಿತ ಇಳಿಯುತ್ತದೆ.

ಮೇಲೆ ಬರುವುದು ನಿಧಾನವಾಗಿ. ನಿಮಿಷಕ್ಕೆ 9 ಮೀಟರ್ ದಾಟಬಾರದು. ಕೊನೆಗೆ 5 ಮೀಟರ್‌ನಲ್ಲಿ 3 ನಿಮಿಷ ನಿಂತು ಬರುವುದು ವಾಡಿಕೆ. ಯಾಕೆ ಅಂದರೆ, ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಗೋಲಿ ಸೋಡಾ ಗೊತ್ತಲ್ಲ. ಗೋಲಿ ಒತ್ತಿದ ತಕ್ಷಣ ಬುಸ್ಸನೆ ಗುಳ್ಳೆ ಏಳುತ್ತದೆ. ಥಟ್ಟನೆ ಮೇಲೆ ಬಂದರೆ ಮೈಯೊಳಗೂ ಹಾಗೇ.

ಕೈ ಸನ್ನೆಗಳಲ್ಲಿ ಒಂದೇ ಒಂದು ಎಚ್ಚರ. ನೀರೊಳಗೆ ಹೆಬ್ಬೆರಳು ಎತ್ತಿದರೆ "ಸೂಪರ್" ಅಲ್ಲ, "ಮೇಲೆ ಹೋಗೋಣ". ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ "ಎಲ್ಲ ಸರಿ". ಆಮೆ ನೋಡಿದ ಖುಷಿಗೆ ಹೆಬ್ಬೆರಳು ಎತ್ತಿ, ಡೈವ್ ಅಲ್ಲಿಗೇ ಮುಗಿಸಿಕೊಂಡು ಮೇಲೆ ಬಂದವರನ್ನು ನೋಡಿದ್ದೇನೆ.

ಹಂತ 5: ನೇತ್ರಾಣಿಯಲ್ಲಿ ಒಂದು ದಿನ

ಕನ್ನಡನಾಡಿನವರಿಗೆ ಹತ್ತಿರದ ಶಾಲೆ ಇದು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಪಾರಿವಾಳ ದ್ವೀಪ ಅಂತಲೂ ಹೆಸರಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಸೀಸನ್ ಅಕ್ಟೋಬರ್‌ನಿಂದ ಮೇವರೆಗೆ, ಮಳೆಗಾಲದಲ್ಲಿ ಬಂದ್. ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿ ಆಸುಪಾಸಿನಲ್ಲಿ. ದ್ವೀಪದ ಮೇಲೆ ಕಾಲಿಡಲು ಬಿಡುವುದಿಲ್ಲ, ಎಲ್ಲವೂ ಬೋಟಿನಿಂದಲೇ.

ಬೆಳಿಗ್ಗೆ ಎರಡು ಇಡ್ಲಿ ತಿನ್ನಿ. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ. ವಾಂತಿ ಬರುವವರು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಂಡು, ಬೋಟ್ ಹತ್ತುವ ಒಂದು ಗಂಟೆ ಮುಂಚೆ ಮಾತ್ರೆ ತಗೊಳ್ಳಿ. ಬೋಟಿನಲ್ಲಿ ಮೊಬೈಲ್ ನೋಡುತ್ತಾ ಕೂರಬೇಡಿ. ಹಿಂದೆ ತಿರುಗಿ ದಡ ನೋಡಿ. 123 ಅಡಿಯ ಶಿವ ಕಿರುಬೆರಳಿನಷ್ಟಾಗಿ ಮಾಯವಾಗುವವರೆಗೆ ಹೊಟ್ಟೆ ಹತೋಟಿಯಲ್ಲಿರುತ್ತದೆ.

ಬುಕ್ ಮಾಡುವಾಗ ಫೋನಿನಲ್ಲೇ ಕೇಳಬೇಕಾದ್ದು: ಒಬ್ಬ ಇನ್‌ಸ್ಟ್ರಕ್ಟರ್‌ಗೆ ನೀರೊಳಗೆ ಎಷ್ಟು ಜನ? ಹೊಸಬರಿಗೆ "ಒಬ್ಬರಿಗೆ ಒಬ್ಬರು" ಅನ್ನುವ ಉತ್ತರ ಬೇಕು. ಬೋಟಿನಲ್ಲಿ ತುರ್ತು ಚಿಕಿತ್ಸೆಗೆ ಆಮ್ಲಜನಕದ ಕಿಟ್ ಇದೆಯಾ? ಇಳಿಯುವ ಮುಂಚೆ ಪಾಠ ಎಷ್ಟು ಹೊತ್ತು? ವಿಡಿಯೊ ಫ್ರೀನಾ ಅಂತ ಎಲ್ಲರೂ ಕೇಳುತ್ತಾರೆ, ಆಮ್ಲಜನಕದ ಬಗ್ಗೆ ಯಾರೂ ಕೇಳುವುದಿಲ್ಲ.

ನನ್ನ ಎರಡನೇ ಪ್ರಯತ್ನ ಮುಂದಿನ ವರ್ಷದ ಜನವರಿಯಲ್ಲಿ. ಈ ಸಲ ಮೂಗು ಸರಿಯಿತ್ತು. ಎಂಟು ಮೀಟರ್‌ನಲ್ಲಿ ಬಂಡೆ ಪಕ್ಕ ಸುಮ್ನೆ ನಿಂತಿದ್ದೆವು. ಎಲ್ಲಿಂದಲೋ ಕಟಂ ಕಟಂ ಸದ್ದು, ಯಾರೋ ಚಕ್ಕುಲಿ ತಿಂದ ಹಾಗೆ. ನೀರಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗವಾಗಿ ಓಡುತ್ತದೆ, ಯಾವ ಕಡೆಯಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಇನ್‌ಸ್ಟ್ರಕ್ಟರ್ ಬೆರಳು ತೋರಿಸಿದರು. ಹಸಿರು ನೀಲಿ ಬಣ್ಣದ ಗಿಳಿಮೀನು, ಗಿಳಿಯ ಕೊಕ್ಕಿನಂಥ ಹಲ್ಲಿನಲ್ಲಿ ಬಂಡೆ ಕೆರೆದು ಪಾಚಿ ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಿಳಿ ಮರಳಿನ ಮೋಡ ಬಿಟ್ಟು ಹೋಯಿತು. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಈ ಮೀನಿನ ಹಿಕ್ಕೆ ಅಂತ ಆಮೇಲೆ ಗೊತ್ತಾಯಿತು.

ಹಂತ 6: ಅವತ್ತೇ ಘಟ್ಟ ಹತ್ತಬೇಡಿ

ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯುವುದು ಚಾಲ್ತಿಯಲ್ಲಿರುವ ನಿಯಮ. ನಮ್ಮವರು ಮರೆಯುವುದು ಇದನ್ನು: ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ರಸ್ತೆಯಲ್ಲಿ ಹೋದರೂ ಇದೇ ಲೆಕ್ಕ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆ, ಮತ್ತೆ ಅದೇ ಗೋಲಿ ಸೋಡಾ.

ಈಗ ಬೆಂಗಳೂರಿಗರ ಪ್ಲಾನ್ ನೋಡಿ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಿಗ್ಗೆ ಡೈವ್, ಸಂಜೆ ಕೊಡಚಾದ್ರಿಗೆ ಜೀಪು. ಕೊಡಚಾದ್ರಿ 1,343 ಮೀಟರ್. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಕೊಡಚಾದ್ರಿ ಮೊದಲು, ಡೈವ್ ಆಮೇಲೆ ಇಟ್ಟುಕೊಳ್ಳಿ. ಡೈವ್ ಮುಗಿದ ರಾತ್ರಿ ಮುರುಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿದು, ಮೀನೂಟ ಮಾಡಿ, ಮಾರನೇ ದಿನ ಹೊರಡಿ. ಕೀಲು ನೋವು, ಜೋಮು, ವಿಪರೀತ ಸುಸ್ತು ಕಂಡರೆ ನಿದ್ದೆ ಮಾಡಿದರೆ ಹೋಗುತ್ತೆ ಅಂತ ಬಿಡದೆ ಆಸ್ಪತ್ರೆಗೆ ಹೋಗಿ. ಡೈವ್ ಮಾಡಿದ್ದೆ ಅಂತ ಮೊದಲು ಹೇಳಿ.

ಹಂತ 7: ಕೋರ್ಸ್

ಪರಿಚಯದ ಡೈವ್ ಇಷ್ಟವಾದರೆ ಓಪನ್ ವಾಟರ್ ಕೋರ್ಸ್ ಮಾಡಿ. ಮೂರ್ನಾಲ್ಕು ದಿನ ಬೇಕು. ಪಾಠ, ಕೊಳದ ಅಭ್ಯಾಸ, ಕಡಲಲ್ಲಿ ನಾಲ್ಕು ಡೈವ್. ಇದಕ್ಕೆ ಈಜು ಬರಬೇಕು: 200 ಮೀಟರ್ ಈಜುವುದು, 10 ನಿಮಿಷ ತೇಲುವುದು. ಪಾಸಾದರೆ 18 ಮೀಟರ್‌ವರೆಗೆ ಜೊತೆಗಾರರೊಂದಿಗೆ ಇಳಿಯಬಹುದು. ಮುಂದಿನ ಅಡ್ವಾನ್ಸ್ಡ್ ಕೋರ್ಸ್‌ಗೆ 30 ಮೀಟರ್. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಾದ ಪ್ಯಾಡಿ, ಎಸ್‌ಎಸ್‌ಐ ಎರಡೂ ಎಲ್ಲ ಕಡೆ ನಡೆಯುತ್ತವೆ. ಯಾವುದು ಒಳ್ಳೆಯದು ಅನ್ನುವ ವಾದ ಬೇಡ, ಯಾರು ಕಲಿಸುತ್ತಾರೆ ಅನ್ನುವುದೇ ಮುಖ್ಯ.

ನಾನು ಮಾಡಿದ್ದು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಈಗಿನ ಹೆಸರು ಸ್ವರಾಜ್ ದ್ವೀಪ. ನೀರು ಬೆಚ್ಚಗೆ, ತಿಳಿ. ಥಾಯ್ಲೆಂಡಿನ ಕೋ ತಾವ್ ಇನ್ನೊಂದು ಆಯ್ಕೆ. ಜಗತ್ತಿನಲ್ಲೇ ಅಗ್ಗಕ್ಕೆ ಕೋರ್ಸ್ ಸಿಗುವ ಜಾಗಗಳಲ್ಲಿ ಅದೂ ಒಂದು. ಸೀಸನ್‌ನಲ್ಲಿ ಜನಜಂಗುಳಿ.

ಹಂತ 8: ಈಗ ಜಗತ್ತು

*ಕೋರ್ಸ್ ಇಲ್ಲದವರಿಗೆ.* ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ದಡದ ಹತ್ತಿರವೇ ಹವಳ ಇದೆ. ಮಾಲ್ಡೀವ್ಸ್‌ನ ದಕ್ಷಿಣ ಅರಿ ಅಟಾಲ್‌ನಲ್ಲಿ ವರ್ಷವಿಡೀ ತಿಮಿಂಗಿಲ ಶಾರ್ಕ್ ಕಾಣುವ ಅವಕಾಶ ಇದೆ, ಸ್ನಾರ್ಕೆಲ್ ಸಾಕು. ದುಬೈ, ಮಸ್ಕತ್ ಕಡೆ ಇರುವ ಕರಾವಳಿಯವರಿಗೆ ಯುಎಇಯ ಫುಜೈರಾ ಮತ್ತು ಒಮಾನಿನ ದಿಮಾನಿಯಾತ್ ದ್ವೀಪಗಳು ವೀಕೆಂಡ್ ದೂರ. ಅಮೆರಿಕದಲ್ಲಿರುವವರು ಹವಾಯಿಯ ಹನೌಮಾ ಕೊಲ್ಲಿಗೆ ಹೋಗಬಹುದು. ನೀರಿಗಿಳಿಯುವ ಮುಂಚೆ ಅಲ್ಲಿ ಒಂದು ಕಿರುಚಿತ್ರ ನೋಡಲೇಬೇಕು. ಇನ್ನೂ ವಿಚಿತ್ರ ಬೇಕಾದರೆ ಐಸ್‌ಲ್ಯಾಂಡಿನ ಸಿಲ್‌ಫ್ರಾ. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳ ನಡುವಿನ ಬಿರುಕು, ನೀರು 2ರಿಂದ 4 ಡಿಗ್ರಿ. ಮೈ ಒದ್ದೆಯಾಗದ ಡ್ರೈಸೂಟ್ ಹಾಕಿಸುತ್ತಾರೆ. ಮೀನು ಕಾಣುವುದು ಅಪರೂಪ, ಆದರೆ ನೂರು ಮೀಟರ್ ದೂರದವರೆಗೆ ತಿಳಿನೀರು.

*ಓಪನ್ ವಾಟರ್ ಆದವರಿಗೆ.* ನನ್ನ ಓಟು ಬಾಲಿಯ ತುಲಂಬೆನ್‌ಗೆ. ಯುಎಸ್‌ಎಟಿ ಲಿಬರ್ಟಿ ಅನ್ನುವ ಅಮೆರಿಕದ ಸರಕು ಹಡಗಿಗೆ 1942ರ ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಹೇಗೋ ಎಳೆದು ತಂದು ದಡಕ್ಕೆ ಹತ್ತಿಸಿದರು. ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಜಾರಿ ನೀರಿಗೆ ಬಿತ್ತು. ಈಗ ಅದಕ್ಕೆ ಬೋಟೇ ಬೇಡ, ಕಪ್ಪು ಕಲ್ಲಿನ ದಡದಿಂದ ನಡೆದುಕೊಂಡೇ ಇಳಿಯಬಹುದು. ಮೇಲ್ಭಾಗ ಸುಮಾರು 5 ಮೀಟರ್‌ನಲ್ಲೇ ಇರುವುದರಿಂದ ಸ್ನಾರ್ಕೆಲ್ ಮಾಡುವವರಿಗೂ ಕಾಣುತ್ತದೆ. ದುಂಡಗಿನ ಆ ಕಲ್ಲುಗಳ ಮೇಲೆ ಸಿಲಿಂಡರ್ ಹೊತ್ತು ನಡೆಯುವಾಗ ಜಾರಿ ಬೀಳುವುದೇ ನಿಜವಾದ ಅಪಾಯ. ನಾನು ಬಿದ್ದಿದ್ದೇನೆ. ಗಟ್ಟಿ ಅಡಿಯ ಬೂಟು ಹಾಕಿ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸುಮಾರು 2,300 ಕಿಲೋಮೀಟರ್ ಉದ್ದ. ಕೇರ್ನ್ಸ್‌ನಿಂದ ದಿನದ ಬೋಟುಗಳಿವೆ. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿ ಮೀನುಗಳ ಕಾಲ, ಮೈತುಂಬಾ ಸೂಟ್ ಹಾಕಲೇಬೇಕು. 2016ರಿಂದೀಚೆಗೆ ನೀರು ಬಿಸಿಯಾಗಿ ಹಲವು ಸಲ ಹವಳ ಬೆಳ್ಳಗಾಗಿದೆ. ಹಳೇ ಫೋಟೊ ನೋಡಿಕೊಂಡು ಹೋಗಬೇಡಿ, ಯಾವ ಭಾಗ ಈಗ ಚೆನ್ನಾಗಿದೆ ಅಂತ ಅಲ್ಲಿಯವರನ್ನೇ ಕೇಳಿ.

*ಅಡ್ವಾನ್ಸ್ಡ್ ಆದವರಿಗೆ.* ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಎಸ್‌ಎಸ್ ಥಿಸಲ್‌ಗಾರ್ಮ್ ಇದೆ. 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನಗಳು ಮುಳುಗಿಸಿದ ಬ್ರಿಟಿಷ್ ಹಡಗು. ಒಳಗೆ ಲಾರಿಗಳು, ಮೋಟಾರ್ ಸೈಕಲ್‌ಗಳು ಸಾಲಾಗಿ ನಿಂತ ಹಾಗೇ ಇವೆ. ತಳ ಸುಮಾರು 30 ಮೀಟರ್, ನೀರಿನ ಸೆಳೆತ ಜೋರು. ಇಂಡೋನೇಷ್ಯಾದ ರಾಜಾ ಅಂಪಾತ್‌ನಲ್ಲಿರುವ ಕೇಪ್ ಕ್ರಿಯಲ್ಲಿ ಮೀನುತಜ್ಞ ಜೆರಾಲ್ಡ್ ಆಲೆನ್ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನು ಎಣಿಸಿದ್ದರು. ಅಲ್ಲೂ ಸೆಳೆತವಿದೆ. ಇಪ್ಪತ್ತು ಮೂವತ್ತು ಡೈವ್ ಆಗದೆ ಹೋದರೆ ಮೀನು ನೋಡುವುದು ಬಿಟ್ಟು ಬಂಡೆ ಹಿಡಿದುಕೊಳ್ಳುವುದೇ ಆಗುತ್ತದೆ. ಬೆಲೀಜ್‌ನ ಗ್ರೇಟ್ ಬ್ಲೂ ಹೋಲ್ ವಿಮಾನದಿಂದ ಅದ್ಭುತ. ಒಳಗೆ ಕತ್ತಲು, ನೋಡುವಂಥದ್ದು 40 ಮೀಟರ್‌ನ ಹತ್ತಿರ, ಅಡ್ವಾನ್ಸ್ಡ್‌ನ 30 ಮೀಟರ್ ಮಿತಿಗೂ ಕೆಳಗೆ. ಅಷ್ಟು ದುಡ್ಡಿಗೆ ನಾನಂತೂ ಹೋಗಲ್ಲ.

ಹಂತ 9: ನೀರೊಳಗಿನ ನಡತೆ, ಆಮೇಲಿನ ಕೆಲಸ

ಹವಳ ಕಲ್ಲಲ್ಲ, ಜೀವ. ಮುಟ್ಟಬೇಡಿ, ಮೇಲೆ ನಿಲ್ಲಬೇಡಿ, ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ) ತಾಗಿಸಬೇಡಿ. ಸತ್ತ ಹವಳ, ಚಿಪ್ಪನ್ನೂ ತರಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಕೇಸು. ಸನ್‌ಸ್ಕ್ರೀನ್‌ನ ಕೆಲವು ರಾಸಾಯನಿಕ ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಅಂಥವುಗಳ ಮಾರಾಟ ನಿಲ್ಲಿಸಿದ್ದಾರೆ. ಉದ್ದ ತೋಳಿನ ಟೀ ಶರ್ಟ್ ಎಲ್ಲಕ್ಕಿಂತ ಒಳ್ಳೆಯದು. ಸ್ನಾರ್ಕೆಲಿಂಗ್‌ನಲ್ಲಿ ಸುಟ್ಟುಹೋಗುವುದು ಮುಖವಲ್ಲ, ಬೆನ್ನು ಮತ್ತು ಮೊಣಕಾಲ ಹಿಂಭಾಗ.

ಇನ್ಶೂರೆನ್ಸ್ ಪತ್ರ ಓದಿ. ಎಷ್ಟೋ ಟ್ರಾವೆಲ್ ಪಾಲಿಸಿಗಳಲ್ಲಿ ಸ್ಕೂಬಾ ಸೇರಿರುವುದಿಲ್ಲ. ಮಾಸ್ಕ್ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಪ್ರತಿ ಡೈವ್ ಆದ ಮೇಲೆ ಲಾಗ್ ಪುಸ್ತಕ ಬರೆಯಿರಿ. ಆಳ, ಎಷ್ಟು ನಿಮಿಷ, ಗಾಳಿ ಎಷ್ಟು ಉಳಿಯಿತು. ಯಾವ ದಪ್ಪದ ಸೂಟಿಗೆ, ತೇಲದೆ ಮುಳುಗಲು ಸೊಂಟಕ್ಕೆ ಎಷ್ಟು ಕೆಜಿ ಸೀಸ ಕಟ್ಟಿದ್ದಿರಿ ಅನ್ನುವುದನ್ನಂತೂ ಮರೆಯದೆ ಬರೆಯಿರಿ. ಮುಂದಿನ ಊರಿನ ಬೋಟಿನಲ್ಲಿ ಅವರು ಮೊದಲು ಕೇಳುವುದು ಅದನ್ನೇ.